ಆಮ್ಲೆಟ್ಟು, ಅತ್ತೆ ಮತ್ತು ಸಾಧು

ನಾನು ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವವನು. ಟಿಕೆಟ್ಟಿಲ್ಲದವರ ಅಳುಮುಖ, ಒದ್ದೆಗಣ್ಣು, ನಿಟ್ಟುಸಿರು ಎಲ್ಲ ನೋಡಿ ನೋಡಿ ನನ್ನ ಎದೆ ಎಂದೋ ಕಲ್ಲಾಗಿದೆ. ಆದ್ದರಿಂದ ನಮ್ಮ ನಾಯಿ ಸಾಧು ಊದಿಕೊಂಡು ಮೆಟ್ಟಿಲು ಹತ್ತಲಾರದೆ ಕೂತು, ಪಶುವೈದ್ಯರು "ನಿಮ್ಮ ತಟ್ಟೆಯಿಂದ ಕೊಡೋದು ನಿಲ್ಲಿಸಿ" ಎಂದಾಗ ಎದೆ ತಟ್ಟಿ ಪಣ ತೊಟ್ಟವನು ನಾನೇ.

"ನನ್ನ ತಟ್ಟೆಯಿಂದ ಅದರ ಬಾಯಿಗೆ ಒಂದು ಚೂರು ಹೋದರೂ, ಬೆಳಗಿನ ಜಾವ ಅದನ್ನ ಸುತ್ತಾಡಿಸೋ ಕೆಲಸ ಜನ್ಮಪೂರ್ತಿ ನಂದು!"

"ಯಾರ ಜನ್ಮ? ಅದರದಾ, ನಿಮ್ಮದಾ?" ಎಂದಳು ಹೆಂಡತಿ. ಅಲ್ಲಿಯವರೆಗೆ ಆ ಕೆಲಸ ಅವಳದು. ಚಳಿಯಲ್ಲಿ ಹೊದಿಕೆ ಬಿಟ್ಟೇಳುವುದೆಂದರೆ ನನಗೆ ಪ್ರಾಣಸಂಕಟ.

ಆ ರಾತ್ರಿ ಊಟಕ್ಕೆ ಕೂತೆ. ಸಾಧು ನನ್ನ ಮೊಣಕಾಲಿನ ಮೇಲೆ ಗಲ್ಲವಿಟ್ಟು, ಹುಟ್ಟಿದಾಗಿನಿಂದ ಅನ್ನ ಕಂಡಿಲ್ಲವೆಂಬಂತೆ ನೋಡಿತು. "ಟಿಕೆಟ್ ಎಲ್ಲಿ?" ಎಂದೆ. ಬಾಲ ಮುದುರಿಕೊಂಡು ಹೋಯಿತು. ಗೆದ್ದೆ!

ಮಾರನೆಯ ಸಂಜೆ ತಟ್ಟೆಯಲ್ಲಿ ಆಮ್ಲೆಟ್ಟು. ಸಾಧು ನನ್ನತ್ತ ತಿರುಗಿಯೂ ನೋಡಲಿಲ್ಲ. ಇದ್ದಕ್ಕಿದ್ದಂತೆ ಬಾಗಿಲಿಗೆ ಓಡಿ, ಮನೆಗೆ ದರೋಡೆಕೋರರು ನುಗ್ಗಿದಂತೆ ಬೊಗಳಿತು. ಎದ್ದು ಹೋಗಿ ಬಾಗಿಲು ತೆಗೆದರೆ, ಒಂದು ನರಪಿಳ್ಳೆಯೂ ಇಲ್ಲ! ತಿರುಗಿ ಬಂದರೆ, ತಟ್ಟೆಯಲ್ಲಿ ಆಮ್ಲೆಟ್ಟೂ ಇಲ್ಲ!

"ಕೆಲಸ ನಿಮ್ಮ ತಲೆಗೆ ಬಂತು" ಎಂದಳು ಹೆಂಡತಿ.

"ಇದು ಕಳ್ಳತನ ಕಣೇ! ಯಾರೂ ಕೊಟ್ಟಿದ್ದಲ್ಲ!"

"ಸರಿ, ಇದೊಂದು ಸಲ ಮಾಫಿ. ಇನ್ನೊಂದು ಸಲ ಆದರೆ ಸುಮ್ಮನಿರಲ್ಲ."

ಮೂರನೆಯ ಸಂಜೆ ಹೆಂಡತಿ ಸ್ನಾನಕ್ಕೆ ಹೋಗಿದ್ದಳು. ಮತ್ತೆ ಆಮ್ಲೆಟ್ಟು, ಮತ್ತೆ ಬಾಗಿಲ ಬಳಿ ಬೊಗಳಾಟ. "ತೋಳ ಬಂತು ತೋಳ ಕಥೆ ನಾನೂ ಓದಿದೀನಿ ಕಣೋ!" ಎಂದು ಎರಡೂ ಕೈಯಿಂದ ತಟ್ಟೆ ತಬ್ಬಿಕೊಂಡು ಕೂತೆ. ಬಾಗಿಲು ದಬದಬ ಸದ್ದು ಮಾಡಿತು. ಬಾಲದಲ್ಲಿ ಬಡಿಯುತ್ತಿದೆ, ಎಂಥ ನಟ! ಕಾಲಿಂಗ್ ಬೆಲ್ ಅಂತೂ ಕೆಟ್ಟು ಕೂತು ಎಷ್ಟೋ ಕಾಲವಾಗಿತ್ತು. ಸಾಧು ನನ್ನ ಅಂಗಿಯ ತೋಳು ಹಿಡಿದು ಎಳೆಯಿತು. ನಾನು ಜಗ್ಗಲಿಲ್ಲ. "ಎಷ್ಟಾದರೂ ಬೊಗಳು! ಇಲ್ಲಿ ಯಾರೂ ನಂಬೋರಿಲ್ಲ!" ಎಂದು ಗಟ್ಟಿಯಾಗಿಯೇ ಕೂಗಿದೆ.

ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಬಂದ ಹೆಂಡತಿ ಬಾಗಿಲು ತೆಗೆದಳು. ಬಂದದ್ದು ತೋಳವಲ್ಲ. ನಮ್ಮತ್ತೆ! ಹೇಳದೆ ಕೇಳದೆ ಮಗಳನ್ನು ನೋಡಲು ಬಂದವರು, ಎರಡು ಕೈಯಲ್ಲೂ ಚೀಲ, ಮುಖದಲ್ಲಿ ಬೆಂಕಿ.

"ಬೊಗಳು ಅಂದಿದ್ದು ಯಾರಿಗೆ, ಅಳಿಯಂದಿರೇ?"

"ನಾ... ನಾಯಿಗೆ, ಅತ್ತೆ..."

"ಬಾಗಿಲು ಬಡಿದು ಬಡಿದು ಕೈ ಬಿದ್ದುಹೋಯ್ತು. ಈ ಮನೇಲಿ ನನ್ನ ಒಳಗೆ ಕರೆಸ್ಕೋಬೇಕು ಅಂತ ಒದ್ದಾಡಿದ್ದು ಈ ಮೂಕಪ್ರಾಣಿ ಒಂದೇ!" ಎಂದವರೇ ಅತ್ತೆ ಚೀಲ ಕೆಳಗಿಟ್ಟು, ಸೀದಾ ನನ್ನ ತಟ್ಟೆಯಿಂದ ಆಮ್ಲೆಟ್ಟೆತ್ತಿ, ತಮ್ಮ ಕೈಯಾರೆ ಸಾಧುವಿನ ಬಾಯಿಗಿಟ್ಟರು. ಪೂರ್ತಿ!

ಅತ್ತೆಯವರಿಗೆ ಬೇಡ ಅನ್ನುವ ಎದೆಗಾರಿಕೆ ನನಗೆಲ್ಲಿದೆ? ಹೆಂಡತಿ ಗೂಟದಿಂದ ನಾಯಿಯ ಬೆಲ್ಟ್ ತೆಗೆದು ನನ್ನ ಮಡಿಲಿಗೆ ಹಾಕಿದಳು.

"ಏನದು?" ಎಂದರು ಅತ್ತೆ.

"ನಾಳೆಯಿಂದ ದಿನಾ ಬೆಳಿಗ್ಗೆ ಇವರು ಸಾಧು ಜೊತೆ ಹೊರಗೆ ಹೋಗ್ತಾರಮ್ಮ."

ಅತ್ತೆ ಸಮಾಧಾನದಿಂದ ತಲೆಯಾಡಿಸಿದರು.

"ಒಳ್ಳೇದಾಯ್ತು ಬಿಡು. ಅಳಿಯಂದಿರನ್ನ ಒಬ್ಬರನ್ನೇ ಕಳಿಸೋ ಬದಲು, ಜೊತೇಲಿ ಬುದ್ಧಿ ಇರೋರು ಒಬ್ಬರಿದ್ದರೆ ನಮಗೂ ಧೈರ್ಯ."