ಒಬ್ಬರಿಗೆ ಒಂದೇ ಚೀಟಿ

ನಮ್ಮ ದೊಡ್ಡಮ್ಮನ ಮನೆಗೆ ಊಟಕ್ಕೆ ಹೋಗುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಸಂವಿಧಾನದ ಪೀಠಿಕೆಯನ್ನು ಒಮ್ಮೆ ಓದಿಕೊಂಡು ಹೋಗಿ. ಅಲ್ಲಿ ಅನ್ನ ಸಿಗುತ್ತದೆ, ಸಾರು ಸಿಗುತ್ತದೆ. ಆದರೆ ಅಂಜಲ್ ಮೀನಿನ ನಡುವಿನ ತುಂಡು ಯಾರಿಗೆ, ಬಾಲದ ತುಂಡು ಯಾರಿಗೆ ಎಂದು ತೀರ್ಮಾನಿಸುವುದು ಚೀಟಿ. ಎಷ್ಟೋ ಕಾಲದಿಂದ ಆ ಮನೆಯಲ್ಲಿ ನಡುವಿನ ತುಂಡು ಗಂಡಸರ ತಟ್ಟೆಗೆ ತಾನಾಗಿ ಈಜಿಕೊಂಡು ಬರುತ್ತಿತ್ತು. ದೊಡ್ಡಮ್ಮ ಅದನ್ನು ನಿಲ್ಲಿಸಿ, ಎಲ್ಲರೂ ಚೀಟಿ ಎತ್ತಬೇಕು ಎಂದು ಕಾನೂನು ಮಾಡಿದರು. ದೊಡ್ಡಪ್ಪನಿಗೆ ಸತತ ನಾಲ್ಕು ಭಾನುವಾರ ಬಾಲ ಬಂತು.

"ಇದ್ರಗೆ ಎಂತದೋ ಮೋಸ ಇತ್ತ್ ಮಾರಾಯ್ತಿ," ಎಂದರು ದೊಡ್ಡಪ್ಪ.

"ಹಾಂಗಾರೆ ಬಪ್ಪ ವಾರ ಚೀಟಿ ನೀವೇ ಮಡ್ಚಿ," ಎಂದರು ದೊಡ್ಡಮ್ಮ.

ದೊಡ್ಡಪ್ಪ ಕನ್ನಡಕ ಹಾಕಿಕೊಂಡು, ಬಾಗಿಲು ಮುಚ್ಚಿಕೊಂಡು, ತಾವೇ ಮಡಚಿದರು. ಐದನೆಯ ಭಾನುವಾರವೂ ಬಾಲವೇ ಬಂತು. ಅಂದಿನಿಂದ ಅವರು ಭಾನುವಾರ ಶುದ್ಧ ಸಸ್ಯಾಹಾರಿ.

ಮನೆಯಲ್ಲೇ ಹೀಗಾದರೆ ಶಾಲೆಯಲ್ಲಿ ಹೇಗಿರಬೇಡ? ಹಟ್ಟಿಯಂಗಡಿ ಕಡೆಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಒಂದು ಇಗರ್ಜಿ, ಅಂದರೆ ಚರ್ಚು, ಅದರ ಪಕ್ಕಕ್ಕೆ ಒಂದು ಪ್ರಾಥಮಿಕ ಶಾಲೆ. ಅಲ್ಲಿ ದೊಡ್ಡಮ್ಮ ಹನ್ನೊಂದು ವರ್ಷದಿಂದ ಮುಖ್ಯೋಪಾಧ್ಯಾಯಿನಿ. ಮಕ್ಕಳ ಬಾಯಲ್ಲಿ 'ದೊಡ್ಡ ಟೀಚರ್'. ಬೆಳಿಗ್ಗೆ ಮೊದಲು ಪ್ರಾರ್ಥನೆ, ಆಮೇಲೆ ಪೀಠಿಕೆ. ಕ್ರೈಸ್ತರ ಮಕ್ಕಳು, ಮೀನುಗಾರರ ಮಕ್ಕಳು, ಗದ್ದೆಯಿದ್ದವರ ಮಕ್ಕಳು, ಮುಸ್ಲಿಮರಾದ ಬ್ಯಾರಿಗಳ ಮಕ್ಕಳು, ಎಲ್ಲರೂ ಸೇರಿ "ಭಾರತದ ಜನತೆಯಾದ ನಾವು" ಎಂದು ಕೂಗುವ ಜೋರಿಗೆ ಇಗರ್ಜಿಯ ಮಾಡಿನ ಪಾರಿವಾಳಗಳು ಹಾರಿ ಹೋಗುತ್ತವೆ. ನನಗೆ ಕುಂದಾಪುರದಲ್ಲಿ ಒಂದು ಫೋಟೋ ಸ್ಟುಡಿಯೋ ಇದೆ. ಆದ್ದರಿಂದ ಆ ಶಾಲೆಯ ಎಲ್ಲ ಫೋಟೋ ತೆಗೆಯುವ ಭಾಗ್ಯ ನನ್ನದು. ನನ್ನನ್ನು ಮಾತ್ರ ಚೀಟಿ ಎತ್ತಿ ಆರಿಸಿದ್ದಲ್ಲ, ಕಿವಿ ಹಿಡಿದು ಆರಿಸಿದ್ದು.

ಮೊದಲ ವರ್ಷ ಗುಂಪು ಫೋಟೋ ತೆಗೆಯಲು ಹೋದೆ. ಮುಂದಿನ ಸಾಲಿಗೆ ಕುರ್ಚಿ ಹಾಕಿ, "ಫಾದರ್ ಮಧ್ಯದಲ್ಲಿ, ಟೀಚರುಗಳು ಆಚೀಚೆ, ಸಣ್ಣ ಮಕ್ಕಳು ಕೆಳಗೆ" ಎಂದೆ. ದೊಡ್ಡಮ್ಮ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ.

"ಮಕ್ಳ್ ಎಂತಕ್ಕೆ ಕೆಳ್ಗೆ ಕೂಕಣ್ಕ್?"

"ಎಲ್ಲ ಕಡೆಯೂ ಹಾಂಗೇ ಅಲ್ದಾ ದೊಡ್ಡಮ್ಮ?"

"ಎಲ್ಲ ಕಡೆಯೂ ತಪ್ಪಾರೆ ಇಲ್ಲೂ ತಪ್ಪ್ ಮಾಡ್ಕಾ?"

ಒಂದನೇ ತರಗತಿಯವರು ಕುರ್ಚಿಯಲ್ಲಿ ಕೂತರು. ಅವರ ಕಾಲು ನೆಲಕ್ಕೆ ಮುಟ್ಟಲಿಲ್ಲ. ಟೀಚರುಗಳು, ಅಡುಗೆಯ ಗುಲಾಬಿಯಕ್ಕ, ಶಾಲೆಯ ಸಂಚಾಲಕರಾದ ಫಾದರ್, ಎಲ್ಲರೂ ನೆಲದಲ್ಲಿ ಕೂತರು. ಫಾದರ್ ಒಳ್ಳೆಯವರು, ನಗುತ್ತಲೇ ಕೂತರು. ಎದ್ದಾಗ ಅವರ ಬಿಳಿ ನಿಲುವಂಗಿಯ ಹಿಂಭಾಗದಲ್ಲಿ ನಮ್ಮೂರಿನ ಕೆಂಪು ಮಣ್ಣು ಭೂಪಟ ಬರೆದಿತ್ತು. ಎರಡನೇ ವರ್ಷ ಫೋಟೋ ದಿನ ಫಾದರ್ ಮಡಚಿದ ಪೇಪರ್ ಹಿಡಿದುಕೊಂಡೇ ಬಂದರು.

ಕ್ರಿಸ್‌ಮಸ್ ನಾಟಕದ್ದು ಇನ್ನೊಂದು ಕಥೆ. ಪಾತ್ರಗಳಿಗೂ ಚೀಟಿ. ಒಂದು ವರ್ಷ ಯೇಸುವಿನ ತಾಯಿ ಮರಿಯಮ್ಮನ ಪಾತ್ರ ನಾಲ್ಕನೇ ತರಗತಿಯ ಬ್ಯಾರಿ ಹುಡುಗಿಗೆ ಬಂತು. ಮಾರನೆಯ ದಿನ ಆ ಹುಡುಗಿಯ ತಾಯಿ ಗೇಟು ದಾಟಿ ಬರುವುದು ಕಂಡು ಸ್ಟಾಫ್ ರೂಮು ತಣ್ಣಗಾಯಿತು. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಸಂವಿಧಾನದ ವಿಧಿಗಳನ್ನು ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿಕೊಂಡರು.

ತಾಯಿ ಕೂತು ನೀರು ಕುಡಿದು ಹೇಳಿದರು: "ಮರಿಯಮ್ ನಮ್ಗೂ ದೊಡ್ಡೋರೇ ಟೀಚರೇ. ತಲಿ ವಸ್ತ್ರ ನೀಲಿ ಆಯ್ಕಾ, ಬಿಳಿ ಆಯ್ಕಾ, ಅದನ್ನ್ ಕೇಣುಕ್ ಬಂದೆ."

ವಾದಕ್ಕೆ ತಯಾರಾಗಿ ಕೂತಿದ್ದ ದೊಡ್ಡಮ್ಮನಿಗೆ ಸ್ವಲ್ಪ ನಿರಾಸೆಯೇ ಆಯಿತು ಎಂದು ನನ್ನ ಗುಮಾನಿ.

ಇನ್ನು ಧ್ವಜದ ವಿಷಯ. ನಾನು ಹೇಳಹೊರಟಿದ್ದೇ ಇದನ್ನು. ಗಣರಾಜ್ಯದ ದಿನ ಧ್ವಜದ ಹಗ್ಗ ಎಳೆಯುವವರು ಯಾರು? ಬೇರೆ ಕಡೆ ಊರಿನ ದೊಡ್ಡವರು. ಇಲ್ಲಿ ಚೀಟಿಯಲ್ಲಿ ಹೆಸರು ಬಂದವರು. ನಿಯಮ ಎರಡೇ: ಅವರವರ ಹೆಸರನ್ನು ಅವರವರೇ ಬರೆಯಬೇಕು, ಒಬ್ಬರಿಗೆ ಒಂದೇ ಚೀಟಿ. ಒಬ್ಬರದನ್ನು ಇನ್ನೊಬ್ಬರು ಬರೆದರೆ ಅದು ಕಳ್ಳ ಓಟು ಎಂದು ದೊಡ್ಡಮ್ಮ ಮಕ್ಕಳಿಗೆ ಹೇಳಿಕೊಟ್ಟಿದ್ದರು. ಚೀಟಿಗಳೆಲ್ಲ ಒಂದು ಬಿಸ್ಕೆಟ್ ಡಬ್ಬಿಗೆ ಬೀಳುತ್ತಿದ್ದವು. ಅದನ್ನು ಕುಲುಕಿ, ಒಂದನೇ ತರಗತಿಯ ಮಗುವಿನಿಂದ ಒಂದನ್ನು ಎತ್ತಿಸುತ್ತಿದ್ದರು.

ಶಾಲೆಗೆ ಬೆಂಚು ಕೊಡಿಸಿದ ಮುಂಬೈ ಹೋಟೆಲಿನ ಧಣಿಯೊಬ್ಬರು ಒಂದು ವರ್ಷ ಬಿಳಿ ಸಫಾರಿ ಹಾಕಿ, ಭಾಷಣ ಬಾಯಿಪಾಠ ಮಾಡಿ ಬಂದಿದ್ದರು. ಅವರ ಕೈಗೂ ಚೀಟಿ, ಪೆನ್ನು. ಬರೆದು ಹಾಕಿದರು ಪಾಪ. ಹೆಸರು ಬಂದದ್ದು ಎರಡನೇ ತರಗತಿಯ ಹುಡುಗಿಯದು. ಅವಳು ಹಗ್ಗ ಎಳೆದಳು, ಧಣಿಗಳು ಸೆಲ್ಯೂಟ್ ಹೊಡೆದರು.

"ಬೇಜಾರ್ ಮಾಡ್ಬೇಡಿ, ಬಪ್ಪೊರ್ಷ ಬನ್ನಿ," ಎಂದರು ದೊಡ್ಡಮ್ಮ.

"ಬತ್ತೆ ಟೀಚರೇ. ಬಪ್ಪೊರ್ಷ ನಂಗೆ ಎರಡ್ ಚೀಟಿ ಅಕ್ಕಾ?" ಎಂದರು ಧಣಿ.

ಹೀಗೆ ಹತ್ತು ವರ್ಷದಲ್ಲಿ ಮಕ್ಕಳು ಎಳೆದರು, ಫಾದರ್ ಒಮ್ಮೆ ಎಳೆದರು, ಗಣಿತದ ಟೀಚರ್ ಒಮ್ಮೆ ಎಳೆದರು. ದೊಡ್ಡಮ್ಮನ ಹೆಸರು ಮಾತ್ರ ಒಮ್ಮೆಯೂ ಬರಲಿಲ್ಲ. ಅವರಿಗೆ ಆಸೆ ಇರಲಿಲ್ಲವೇ? ಇತ್ತು. ಅವತ್ತು ಬೆಳಿಗ್ಗೆ ಅವರನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋಗುವವನು ನಾನಲ್ಲವೇ? ಪ್ರತಿ ವರ್ಷ ಅದೇ ಇಸ್ತ್ರಿಯ ಬಿಳಿ ಸೀರೆ. ಹೆಸರು ಬಂದ ಮಗುವಿಗೆ ಗಂಟು ಬಿಚ್ಚುವುದನ್ನು ಹೇಳಿಕೊಡುವಾಗ ಅವರ ಕೈ ಹಗ್ಗದ ಮೇಲೆ ಒಂದು ಗಳಿಗೆ ಹೆಚ್ಚೇ ನಿಲ್ಲುತ್ತಿತ್ತು. ಮುಖ್ಯೋಪಾಧ್ಯಾಯಿನಿ ಎಂಬ ಕಾರಣಕ್ಕೆ ಒಮ್ಮೆ ಎಳೆದರೆ ಭಾರತ ಮುಳುಗುತ್ತದೆಯೇ?

ಕಳೆದ ಬಾರಿಯದ್ದು ಅವರ ಕೊನೆಯ ಗಣರಾಜ್ಯದ ದಿನ. ಬರುವ ಮೇ ತಿಂಗಳಲ್ಲಿ ನಿವೃತ್ತಿ. ಇದು ತಪ್ಪಿದರೆ ಮತ್ತಿಲ್ಲ. ಫಾದರ್ ಒಂದು ವಾರ ಮೊದಲೇ ಬಂದು, "ಟೀಚರ್, ಈ ಸಲ ಚೀಟಿ ಬೇಡ. ನೀವೇ ಎಳೆಯಿರಿ. ಇದು ನನ್ನ ಆದೇಶ" ಎಂದರು.

"ಆದೇಶ ಆರೆ ಬರವಣಿಗೆಯಲ್ಲಿ ಕೊಡಿ ಫಾದರ್. ನಾನ್ ಬರವಣಿಗೆಯಲ್ಲೇ ಆಕ್ಷೇಪ ಕೊಡ್ತೆ," ಎಂದರು ದೊಡ್ಡಮ್ಮ. ಫಾದರ್ ಇಗರ್ಜಿಗೆ ವಾಪಸಾದರು.

ಆ ಬೆಳಿಗ್ಗೆ ಎಲ್ಲರೂ ಬರೆದು ಡಬ್ಬಿಗೆ ಹಾಕಿದರು. ಒಂದನೇ ತರಗತಿಯ ಮಗು ಚೀಟಿ ಎತ್ತಿ ಕೊಟ್ಟಿತು. ದೊಡ್ಡಮ್ಮ ಬಿಚ್ಚಿದರು. ಅದರಲ್ಲಿ ಮಕ್ಕಳ ಸೊಟ್ಟ ಅಕ್ಷರದಲ್ಲಿ 'ದೊಡ್ಡ ಟೀಚರ್' ಎಂದಿತ್ತು.

"ಇದ್ ನನ್ ಅಕ್ಷರ ಅಲ್ಲ," ಎಂದು ಇನ್ನೊಂದು ಬಿಚ್ಚಿದರು. ದೊಡ್ಡ ಟೀಚರ್. ಮತ್ತೊಂದು. ದೊಡ್ಡ ಟೀಚರ್. ಒಬ್ಬ ಪುಣ್ಯಾತ್ಮ 'ದೊಡ್ ಟಿಚರ' ಎಂದು ಬರೆದಿದ್ದ. ಫಾದರ್ ಆಕಾಶ ನೋಡುತ್ತಿದ್ದರು. ಅವರದ್ದೂ ಅದೇ ಎಂದು ಆಗಲೇ ಗೊತ್ತಾಯಿತು.

ದೊಡ್ಡಮ್ಮ ಕೆಂಪಾದರು. "ಇಷ್ಟ್ ವರ್ಷ ಎಂತ ಕಲ್ಸಿದೆ ನಾನ್? ಇದ್ ಕಳ್ಳ ಓಟ್ ಅಲ್ದಾ?"

ಐದನೇ ತರಗತಿಯ ಒಬ್ಬಳು ಕೈ ಎತ್ತಿ ನಿಂತಳು. "ಕಳ್ಳ ಓಟ್ ಅಲ್ಲ ಟೀಚರ್. ನಮ್ಮ್ ನಮ್ಮ್ ಓಟ್ ನಾವೇ ಹಾಕದ್ದ್. ನಿಮ್ಗೆ ಹಾಕದ್ದ್ ಅಷ್ಟೇ."

ದೊಡ್ಡಮ್ಮ ಬಿಚ್ಚಿದ ಚೀಟಿಗಳನ್ನು ಒಂದೊಂದಾಗಿ ಮತ್ತೆ ಮಡಚತೊಡಗಿದರು. ಅಷ್ಟರಲ್ಲಿ ನನಗೆ ಒಂದು ಕುತೂಹಲ ಹುಟ್ಟಿತು. ಇವರು ತಮ್ಮ ಹೆಸರು ಬರೆದ ಚೀಟಿಯೂ ಇದರಲ್ಲೇ ಇರಬೇಕಲ್ಲ? ಡಬ್ಬಿಗೆ ಕೈ ಹಾಕಿ ಹುಡುಕಿದೆ. ದೊಡ್ಡಮ್ಮ "ಬ್ಯಾಡ ಮಗಾ" ಎಂದರು. ಅವರು ಹಾಗೆ ಹೇಳಿದ್ದೇ ತಡ, ಇನ್ನಷ್ಟು ಹುಡುಕಿದೆ. ನನಗೆ ಅಕ್ಷರ ಕಲಿಸಿದ ಗುಂಡಗಿನ ಕೈಬರಹ ಸಿಕ್ಕಿತು. ಯೋಚನೆ ಮಾಡದೆ ಗಟ್ಟಿಯಾಗಿ ಓದಿಬಿಟ್ಟೆ.

"ಗುಲಾಬಿ."

ಎಲ್ಲರೂ ಅಡುಗೆಕೋಣೆಯ ಕಡೆ ತಿರುಗಿದರು. ಗುಲಾಬಿಯಕ್ಕ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದರು.

ದೊಡ್ಡಮ್ಮ ನನ್ನ ಕೈಯಿಂದ ಡಬ್ಬಿ ಕಿತ್ತುಕೊಂಡು ಮುಚ್ಚಿದರು. "ಡಬ್ಬಿಯಗೆ ಹೆಸ್ರ್ ಎರಡೇ ಇತ್ತ್. ಇಬ್ರೂ ಎಳುದ್. ಹ್ವಾಯ್ ಗುಲಾಬಿ, ಬಾ."

"ಪಾಯಸ ಅಡಿ ಹಿಡಿತ್ತ್ ಟೀಚರೇ."

"ಹಿಡೀಲಿ. ಬಾ ನೀನ್."

ಗುಲಾಬಿಯಕ್ಕ ಸೀರೆಗೆ ಕೈ ಒರೆಸಿಕೊಂಡು ಬಂದರು. ನಾಲ್ಕು ಕೈ ಒಂದೇ ಹಗ್ಗ ಹಿಡಿದವು. ಧ್ವಜ ಬಿಚ್ಚಿಕೊಂಡು ಇಬ್ಬರ ತಲೆಯ ಮೇಲೂ ಹೂವಿನ ಎಸಳು ಉದುರಿತು. ಪಾಯಸ ನಿಜಕ್ಕೂ ಅಡಿ ಹಿಡಿದಿತ್ತು. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡೆವು.

ವಾಪಸ್ ಬರುವಾಗ ಸ್ಕೂಟರಿನಲ್ಲಿ ಕೇಳಿಯೇಬಿಟ್ಟೆ. "ಗುಲಾಬಿಯಕ್ಕ ತಮ್ ಹೆಸ್ರ್ ತಾವೇ ಬರಿಲಕ್ಕಿತ್ತಲ್ದಾ ದೊಡ್ಡಮ್ಮ?"

ಅವರು ತಲೆಯಲ್ಲಿ ಉಳಿದಿದ್ದ ಹೂವಿನ ಎಸಳನ್ನು ತೆಗೆದರು. ಆಮೇಲೆ, "ಅವ್ಳಿಗೆ ಬರೂಕ್ ಬತ್ತಿಲ್ಲೆ ಮಗಾ. ಮೊದಲ್ನೇ ವರ್ಷ ಚೀಟಿ ಕೊಟ್ಟೆ, ಪಾಯಸ ಅಡಿ ಹಿಡಿತ್ತ್ ಅಂದ್ಕಂಡ್ ಒಳ್ಗ್ ಹೋದ್ಳ್. ಆಗ ನಂಗೆ ಗೊತ್ತಾಯ್ತ್" ಎಂದರು.

"ನಿಯಮವನ್ನೇ ಬದಲ್ ಮಾಡುಕಾಗಿತ್ತ್."

"ಬದಲ್ ಮಾಡ್ರೆ ಎಲ್ರೂ ಎಂತಕ್ಕೆ ಅಂತ ಕೇಂತ್ರ್. ಅವ್ಳ್ ಮೋರೆ ಎಲ್ಲಿ ಇಟ್ಕಣ್ಕ್?"

"ಹಾಂಗಾರೆ ಹನ್ನೊಂದ್ ವರ್ಷವೂ ನೀವ್ ಬರ್ದದ್ದ್ ಅವ್ರ್ ಹೆಸ್ರೇಯಾ? ನಿಮ್ ಹೆಸ್ರ್ ಡಬ್ಬಿಯಗೇ ಇರ್ಲಿಲ್ಯಾ?"

"ಹ್ಯಾಂಗ್ ಇರತ್ತ್? ಒಬ್ರಿಗ್ ಒಂದೇ ಚೀಟಿ ಅಲ್ದಾ."

ಇಷ್ಟು ವರ್ಷ ಈ ಹೆಂಗಸಿನ ಚೀಟಿ ಹುಚ್ಚನ್ನು ಊರೆಲ್ಲ ಹೇಳಿ ನಗಿಸಿದವನು ನಾನು. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಗಾಡಿ ನಿಲ್ಲಿಸಿ ಅಲ್ಲೇ ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಆದರೆ ನಾನು ಬಿದ್ದರೆ ಸಮಾನತೆ ಎಂದು ಅವರೂ ನನ್ನ ಕಾಲಿಗೆ ಬಿದ್ದುಬಿಡುತ್ತಾರೆ ಎಂದು ಹೆದರಿ, ಹೊಂಡ ತಪ್ಪಿಸಿಕೊಂಡು, ಮನೆಯವರೆಗೂ ಗಾಡಿಯನ್ನು ನಿಧಾನಕ್ಕೆ ಬಿಟ್ಟೆ.