ಬಾಟಿನ ಮೇಲಿನ ಹೊಟ್ಟೆಕಿಚ್ಚು

ನಾನು ಮಾಡಿದ ಬಾಟಿಗೆ ಹೊಗಳಿಕೆ, ಅದನ್ನು ಮಾಡಿದ ನನಗೆ ಬೈಗುಳ. ಇದು ನಮ್ಮ ಕಾರ್ಖಾನೆಯಲ್ಲಿ ವಾರಕ್ಕೆರಡು ಸಲವಾದರೂ ನಡೆಯುತ್ತದೆ.

ಬದನಗುಪ್ಪೆಯಲ್ಲಿ ತರಕಾರಿ ಒಣಗಿಸಿ ಪ್ಯಾಕ್ ಮಾಡುವ ಕಾರ್ಖಾನೆ ನಮ್ಮದು. ಅಲ್ಲಿ ನಾನು ಕಂಪ್ಯೂಟರ್ ವಿಭಾಗ. ವಿಭಾಗ ಅಂದರೆ ನಾನೊಬ್ಬನೇ. "ಎಲ್ಲರೂ ಎಲ್ಲದಕ್ಕೂ ನನಗೇ ಫೋನ್ ಮಾಡ್ತಾರೆ" ಎಂದು ಮ್ಯಾನೇಜರ್ ಗೋಳಾಡಿದ್ದಕ್ಕೆ, ಮೊಬೈಲಿನಲ್ಲಿ ಪ್ರಶ್ನೆ ಟೈಪ್ ಮಾಡಿದರೆ ತಾನೇ ಉತ್ತರ ಕೊಡುವ ಬಾಟ್ ಮಾಡಿದೆ. ಸರ್ವರ್ ಒಂದೇ. ಆದರೆ ಗುಂಡ್ಲುಪೇಟೆಯ ಖರೀದಿ ಆಫೀಸಿಗೊಂದು, ಲಾರಿಯವರಿಗೊಂದು, ಕ್ಯಾಂಟೀನಿಗೊಂದು, ರಜೆ-ಹಾಜರಾತಿಗೊಂದು ಎಂದು ಒಬ್ಬೊಬ್ಬರಿಗೂ ಬೇರೆ ಬೇರೆ ಬಾಟ್. ಅಲ್ಲಿಂದ ಶುರುವಾಯಿತು ನೋಡಿ.

೧. ಅಣ್ಣ ಅನ್ನಿಸಿಕೊಂಡವರು

ಖರೀದಿ ಆಫೀಸಿನ ಬಾಟಿಗೆ ಪ್ರಶ್ನೆ ಕೇಳುವವರು ರೈತರು. ಅದಕ್ಕೆ 'ನಮಸ್ಕಾರ ಅಣ್ಣ' ಎಂದು ಮಾತು ಶುರು ಮಾಡುವ ಹಾಗೆ ಬರೆದಿದ್ದೆ. ಲಾರಿ ವಿಭಾಗದ ಬಾಟ್ ಬರೀ 'ನಮಸ್ಕಾರ' ಅನ್ನುತ್ತಿತ್ತು.

ನಾಲ್ಕೇ ದಿನಕ್ಕೆ ಲಾರಿ ವಿಭಾಗದ ಮೇಸ್ತ್ರಿ ನನ್ನ ಮೇಜಿನ ಮುಂದೆ ನಿಂತಿದ್ದರು. "ಗುಂಡ್ಲುಪ್ಯಾಟೆಯವ್ರಿಗೆ ಅಣ್ಣ ಅಂತದಂತೆ. ನಮ್ಗೆ ಒಣ ನಮಸ್ಕಾರವಾ? ನಾವೇನ್ ತಪ್ ಮಾಡ್ಬುಟ್ಟೊ ಏಳು."

ಜಗಳವೇ ಬೇಡವೆಂದು ಎಲ್ಲ ವಿಭಾಗಕ್ಕೂ ಒಂದೇ ಸಲಕ್ಕೆ 'ಅಣ್ಣ' ಸೇರಿಸಿದೆ. ಮಾರನೆಯ ಬೆಳಿಗ್ಗೆ ಈರುಳ್ಳಿ ಆರಿಸುವ ವಿಭಾಗದ ಹೆಂಗಸರೆಲ್ಲ ಬಾಗಿಲಲ್ಲಿ. ಎಲ್ಲರಿಗಿಂತ ಹಿರಿಯಾಕೆ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದು ಕೇಳಿದರು: "ಚೆನ್ನಾಗ್ ನೋಡಿ ಏಳಪ್ಪ, ನಮ್ಮಲ್ಲಿ ಯಾರ್‍ಗೆ ಮೀಸೆ ಬಂದದೆ?"

೨. ಕ್ಯಾಂಟೀನ್ ಅಕ್ಕ

ಮೊದಲೆಲ್ಲ ಬೆಳಿಗ್ಗೆ ಕ್ಯಾಂಟೀನಿನ ಕಿಟಕಿಗೆ ಬಂದು "ಅಕ್ಕ, ಇವತ್ತು ಏನ್ ತಿಂಡಿ?" ಎಂದು ಕೇಳದವರಿಲ್ಲ. ಬಾಟ್ ಬಂದ ಮೇಲೆ ಎಲ್ಲರೂ ಅದನ್ನೇ ಕೇಳತೊಡಗಿದರು. ಅಕ್ಕನಿಗೆ ಹೊಟ್ಟೆ ಉರಿಯಿತು. ಬಾಟಿಗೆ ಹಾಕಲು ಚಿತ್ರಾನ್ನ ಎಂದು ನನಗೆ ಹೇಳುವುದು, ಅಲ್ಲಿ ಉಪ್ಪಿಟ್ಟು ಮಾಡುವುದು. ಇಡ್ಲಿ ಎಂದು ಬರೆಸುವುದು, ರೊಟ್ಟಿ ಬಡಿಯುವುದು. ಬಾಟ್ ಸುಳ್ಳುಬುರುಕ ಎಂದು ಇಡೀ ಕಾರ್ಖಾನೆ ನಗುವಂತಾಯಿತು.

ಮೂರನೆಯ ದಿನ ನಾನೇ ಹೋದೆ. "ಅಕ್ಕಾ, ಯಾಕಿಂಗ್ ಮಾಡ್ತೀಯ? ನನ್ ಸರ್ವರ್‍ಗೆ ಕೆಟ್ ಹೆಸ್ರು ಬರ್‍ತದೆ."

ಅಕ್ಕ ಸೌಟು ಕೆಳಗಿಟ್ಟರು. "ಬಡಿಸಕ್ಕೆ ಒಬ್ಬ ಸರ್ವರ್ ಕೊಡಿ ಅಂತ ಒಂದ್ ವರ್ಸದಿಂದ ಕೇಳ್ತಾ ಇವ್ನಿ. ನೆನ್ನೆ ಬಂದ ಬಾಟಿಗೆ ಆಗ್ಲೇ ಸರ್ವರ್ರು! ಅವ್ನಿಗೆ ಎಸಿ ರೂಮು ಬ್ಯಾರೆ!"

೩. ಅವರೆಕಾಯಿ

ಇದು ನನ್ನದೇ ಹೊಟ್ಟೆಕಿಚ್ಚಿನ ಕತೆ, ಮುಚ್ಚಿಡುವುದಿಲ್ಲ.

ಗುಂಡ್ಲುಪೇಟೆ ಆಫೀಸಿಗೆ ಹೋಗಿದ್ದ ದಿನ ಕುದೇರು ಕಡೆಯ ಹಿರಿಯ ರೈತರೊಬ್ಬರು ಒಂದು ಚೀಲ ಸೊಗಡಿನ ಅವರೆಕಾಯಿ ಹೊತ್ತು ಬಂದರು. ತಮ್ಮ ಟೊಮೇಟೊ ಯಾವತ್ತು ತರಬೇಕು, ಎಷ್ಟು ಹಣ್ಣಾಗಿರಬೇಕು ಎಂದು ಹತ್ತು ಸಲ ಕೇಳಿದರೂ ಬೇಸರಪಡದೆ ಹೇಳಿದವರನ್ನು ನೋಡಬೇಕಂತೆ. ಖರೀದಿ ಆಫೀಸಿನವರು ನನ್ನನ್ನು ತೋರಿಸಿ, "ಇವ್ರೇ ಅದನ್ನ ಮಾಡಿದ್ದು" ಎಂದರು. ನಾನು ಕಾಲರ್ ಸರಿಮಾಡಿಕೊಂಡು, "ಹೌದು, ನಾನೇ" ಎಂದು ಎದ್ದು ನಿಂತೆ.

ರೈತರು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದರು. "ಇವ್ರಲ್ಲ ಬುಡಿ. ಈ ದನಿ ಗೊತ್ತು ನಂಗೆ, ಇವ್ರಿಗೆ ಹೋದ್ ತಿಂಗ್ಳು ಫೋನ್ ಮಾಡಿದ್ದೆ, ಆಮೇಲ್ ಮಾಡಿ ಅಂದ್ಬುಟ್ರು. ಅವ್ರು ಬ್ಯಾರೆ, ಚಿನ್ನದಂಥೋರು. ಈ ಕಾಯ್ನ ಅವ್ರಿಗೇ ಕೊಡಿ." ಚೀಲ ಇಟ್ಟು ಹೊರಟೇಬಿಟ್ಟರು.

ನಾನು ಚೀಲಕ್ಕೆ ಕೈಹಾಕಿದೆ. ಖರೀದಿ ಆಫೀಸಿನವರು ಎಳೆದುಕೊಂಡರು. "ಬಾಟ್ ನಮ್ ಆಫೀಸ್‌ದು ಕಣ್ಲಾ. ಅದ್ರ ಪಾಲು ನಾವೇ ತಿಂತೀವಿ. ನೀನು ಆಮೇಲ್ ಬಾ."

೪. ಅದಲುಬದಲು

ಒಮ್ಮೆ ನನ್ನಿಂದಲೇ ತಪ್ಪಾಗಿ ರಜೆಯ ಬಾಟು, ಲಾರಿಯ ಬಾಟು ಅರ್ಧ ದಿನ ಅದಲುಬದಲಾದವು. ಲೋಡ್ ತಂದಿದ್ದೇನೆ, ಏನು ಮಾಡಲಿ ಎಂದು ಕೇಳಿದ ಕೇರಳದ ಡ್ರೈವರ್‌ಗೆ, 'ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳಿ' ಎಂಬ ಉತ್ತರ ಹೋಗಿದೆ. ಪುಣ್ಯಾತ್ಮ ಲಾರಿಯನ್ನು ಗೇಟಿನ ಮುಂದೆ ಅಡ್ಡ ನಿಲ್ಲಿಸಿ ಮಲಗಿಬಿಟ್ಟ.

ಅದು ಹೋಗಲಿ. ನಮ್ಮ ಸ್ಟೋರ್ ಕೀಪರ್ ಒಳ್ಳೆ ದಪ್ಪ ಆಸಾಮಿ. ನಾದಿನಿಯ ಮದುವೆಗೆ ಹೊರಟಿದ್ದೇನೆ, ಏನು ಮಾಡಬೇಕು ಎಂದು ಕೇಳಿದ್ದಾರೆ. ಉತ್ತರ ಬಂತು: 'ಮೊದಲು ವೇಬ್ರಿಡ್ಜ್‌ಗೆ ಬಂದು ತೂಕ ಹಾಕಿಸಿ.'

೫. ಚೆಲುವಿ

ರಜೆ ವಿಭಾಗದ ಹೆಣ್ಣುಮಕ್ಕಳು ತಮ್ಮ ಬಾಟಿಗೆ ಚೆಲುವಿ ಎಂದು ಹೆಸರಿಟ್ಟು, 'ಅಣ್ಣ'ನ ಬದಲು 'ಅಕ್ಕ' ಹಾಕಿಸಿಕೊಂಡಿದ್ದರು. ಅದು ಕೆಲಸ ನಿಲ್ಲಿಸಿದರೆ ನನಗೆ ತಾನಾಗಿ ಮೆಸೇಜ್ ಬರುವ ಹಾಗೆ ಮಾಡಿಟ್ಟಿದ್ದೆ. ಆ ಮೆಸೇಜನ್ನು ತಮಾಷೆಯಾಗಿ ಬರೆದದ್ದೇ ತಪ್ಪು.

ಒಂದು ಭಾನುವಾರ ಬೆಳಿಗ್ಗೆ, ಚಾಮರಾಜನಗರದ ನಮ್ಮ ಮನೆಯಲ್ಲಿ, ನಾನು ಸ್ನಾನ ಮುಗಿಸಿ ಬಂದರೆ ಹೆಂಡತಿಯ ಕೈಯಲ್ಲಿ ನನ್ನ ಮೊಬೈಲ್. ಜೋರಾಗಿ ಓದಿದಳು: "ನಾನು ಬಿದ್ದಿದ್ದೇನೆ. ನೀವು ಬಂದು ಮುಟ್ಟದೆ ಏಳಲಾರೆ. ಬೇಗ ಬನ್ನಿ. ಇಂತಿ ಚೆಲುವಿ."

"ಬಾಟ್ ಕಣಮ್ಮಿ ಅದು" ಎಂದೆ.

"ಎಷ್ಟ್ ದಿವ್ಸದಿಂದ?"

"ವರ್ಷ ಆಯ್ತು. ನಾನೇ ನೋಡ್ಕೊತಾ ಇವ್ನಿ."

"ನಿಮ್ಮೊಬ್ಬರ ಜೊತೇಲೇ ಮಾತಾಡ್ತಾಳಾ?"

"ಇಲ್ಲ ಇಲ್ಲ, ಒಂದೇ ಸಲ ನೂರು ಜನರ ಜೊತೆ."

ಸಮಾಧಾನ ಮಾಡಲು ಹೋಗಿ ಇನ್ನೂ ಕೆಡಿಸಿದೆ. "ಎಲ್ಲವ್ಳೆ ತೋರ್‍ಸಿ, ನಡೀರಿ" ಎಂದು ಬೈಕ್ ಹತ್ತಿ ಕೂತಳು. ಸರ್ವರ್ ಇಟ್ಟ ರೂಮಿಗೆ ಕರೆದುಕೊಂಡು ಹೋಗಿ, ಆಫ್ ಮಾಡಿ ಆನ್ ಮಾಡಿ, "ಇದೇ ನೋಡು ಚೆಲುವಿ" ಎಂದು ಕಪ್ಪು ಡಬ್ಬ ತೋರಿಸಿದೆ. ಅವಳಿಗೆ ನಂಬಿಕೆ ಬರಲಿಲ್ಲ. ಕುರ್ಚಿ ಎಳೆದುಕೊಂಡು ತಾನೇ ಟೈಪ್ ಮಾಡಿದಳು: 'ಆಫೀಸಿನವರು ದಿನಾ ಎಷ್ಟೊತ್ತಿಗೆ ಮನೆಗೆ ಹೊರಡಬಹುದು?'

'ನಮಸ್ಕಾರ ಅಕ್ಕ. ಐದು ಗಂಟೆಗೆ.'

ಬಸ್‌ಸ್ಟ್ಯಾಂಡ್ ಹತ್ತಿರ ಗೆಳೆಯರ ಜೊತೆ ಕೇರಂ ಆಡಿ ಮನೆಗೆ ಹೋಗುತ್ತಿದ್ದ ನಾನು, ಮದುವೆಯಾದಾಗಿನಿಂದ ಏಳು ಗಂಟೆ ಎಂದೇ ಹೇಳಿಕೊಂಡು ಬಂದಿದ್ದೆ.

ಅವಳು ಮತ್ತೆ ಟೈಪ್ ಮಾಡಿದಳು: 'ಶನಿವಾರ?'

'ಶನಿವಾರ ಒಂದು ಗಂಟೆಗೇ, ಅಕ್ಕ. ಇನ್ನೇನಾದರೂ ತಿಳಿಯಬೇಕೆ?'

ನಾನು ತೊದಲಿದೆ. "ನೋಡ್ದಾ, ಬರೀ ಮಿಷನ್ನು. ಸುಮ್ನೆ ಹೊಟ್ಟೆಕಿಚ್ಚು ಪಟ್ಟೆ ನೀನು."

ಹೆಂಡತಿ ಎದ್ದು, ಆ ಡಬ್ಬದ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

"ಇವ್ಳ ಮ್ಯಾಲೆ ಯಾಕ್ ಹೊಟ್ಟೆಕಿಚ್ಚು? ಇವ್ಳು ನಮ್ ಕಡೆಯವ್ಳು ಕಣ್ರೀ."