ಏನೂ ಹಚ್ಚದ ಕಿರುಬೆರಳು

ಕೃಷಿ ಇಲಾಖೆಯಲ್ಲಿ ಇದ್ದಷ್ಟು ಕಾಲ ನಾನು ರೈತರಿಗೆ ಹೇಳಿದ್ದು ಎರಡೇ ಮಾತು. ಒಂದು, ಕಸ ಕೀಳುವಾಗ, ಔಷಧಿ ಹೊಡೆಯುವಾಗ ಬರಿಗೈ ಬೇಡ. ಇನ್ನೊಂದು, ಏನನ್ನೂ ನಂಬುವ ಮೊದಲು ಹೊಲದ ಒಂದು ಸಣ್ಣ ಪಟ್ಟಿಯಲ್ಲಿ ಪ್ರಯೋಗ ಮಾಡಿ ನೋಡಿ; ಪಕ್ಕದಲ್ಲಿ ಏನೂ ಹಾಕದ ಒಂದು ಪಟ್ಟಿ ಬಿಡಿ, ಹೋಲಿಸಲು. ಹುನಗುಂದ ಸುತ್ತಲಿನ ರೈತರು ಇದನ್ನು ಗೌರವದಿಂದ ಕೇಳಿ, ನನಗೆ ಚಹಾ ಕುಡಿಸಿ, ಆಮೇಲೆ ತಮಗೆ ತಿಳಿದಂತೆ ಮಾಡುತ್ತಿದ್ದರು. ಅವರ ಕೈಗಳು ಇವತ್ತಿಗೂ ನೆಟ್ಟಗಿವೆ. ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿ ಕೆಟ್ಟವನು ಇಡೀ ತಾಲೂಕಿನಲ್ಲಿ ನಾನೊಬ್ಬನೇ.

ನಿವೃತ್ತಿಯಾದ ಮೇಲೆ ಹಿತ್ತಲಲ್ಲಿ ಬದನೆ, ಮೆಂತ್ಯ, ಒಂದು ನಿಂಬೆಗಿಡ ಹಾಕಿಕೊಂಡೆ. ಇಳಕಲ್ ಪೇಟೆಗೆ ಹೋದಾಗ ಮಣಿಕಟ್ಟಿನವರೆಗೆ ಬರುವ ಕಿತ್ತಳೆ ಬಣ್ಣದ ರಬ್ಬರ್ ಗ್ಲೌಸು ತಂದೆ. ಅವನ್ನು ತೊಟ್ಟು ಹೆಂಡತಿ ನೀಲಮ್ಮನ ಮುಂದೆ ಎರಡೂ ಕೈ ಎತ್ತಿ ನಿಂತು, "ಇನ್ನ ಈ ಕೈಗೆ ಯಾವ ಅಪಾಯನೂ ಇಲ್ಲ" ಎಂದೆ. ಅವಳು, "ಕೈಗಲ್ರಿ, ಗಿಡಕ್ಕ ಅಪಾಯ" ಅಂದು ಒಳಗೆ ಹೋದಳು.

ಕೆಲವೇ ದಿನಗಳಲ್ಲಿ ಕೈ ಕೆರೆಯತೊಡಗಿತು. ಬೆರಳುಗಳು ಕೆಂಪಾದವು. ಸಣ್ಣ ಸಣ್ಣ ಗುಳ್ಳೆ ಎದ್ದು ಒಡೆದು, ಚರ್ಮ ಬೇಸಿಗೆಯ ಎರೆಹೊಲದಂತೆ ಬಿರುಕು ಬಿಟ್ಟಿತು. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಗಿಂತ ಕುತೂಹಲವೇ ಹೆಚ್ಚಾಯಿತು. ಕಾರಣವಿಲ್ಲದೆ ಎಲೆ ಮುದುಡುವುದಿಲ್ಲ. ಕಾರಣವಿಲ್ಲದೆ ಕೈ ಯಾಕೆ ಕೆಂಪಾಗಬೇಕು? ಅಧಿಕೃತವಾಗಿ ತನಿಖೆ ಆರಂಭಿಸಿದೆ.

ಮೊದಲ ಆರೋಪಿ ಬದನೆಕಾಯಿ. ಅದು ನಂಜು ಎಂದು ಎಲ್ಲರೂ ಹೇಳುತ್ತಾರೆ. ಆ ಕ್ಷಣದಿಂದಲೇ ಮನೆಯಲ್ಲಿ ಎಣ್ಣೆಗಾಯಿ ನಿಷೇಧಿಸಿದೆ.

"ಗಿಡದ ತುಂಬ ಕಾಯಿ ಜೋತ ಬಿದ್ದಾವ. ರೊಟ್ಟಿ ಜೋಡಿ ಏನ್ ಹಚ್ಕೊಂಡ್ ತಿನ್ನೂದು?" ಎಂದಳು ನೀಲಮ್ಮ.

"ಸ್ವಲ್ಪ ದಿನ ತಡಿ. ವಿಚಾರಣೆ ನಡದೈತಿ."

"ನಿಮ್ಮ ಕೈ ಕಡದ್ರ ನನ್ನ ನಾಲಿಗಿಗ್ಯಾಕ ಶಿಕ್ಷಾ?"

ಎರಡನೆಯ ಆರೋಪಿ ಬಟ್ಟೆ ಸೋಪು, ಮೂರನೆಯದು ನಳದ ನೀರು. ಹೀಗೆ ಆರೋಪಿಗಳು ಹೆಚ್ಚಾದಂತೆ ನನ್ನ ಎಚ್ಚರವೂ ಹೆಚ್ಚಾಯಿತು. ಹಿತ್ತಲಿಗೆ ಮಾತ್ರವಿದ್ದ ಗ್ಲೌಸನ್ನು ಪಾತ್ರೆ ತೊಳೆಯಲು, ಸ್ನಾನಕ್ಕೆ, ಕೊನೆಗೆ ಪೇಪರ್ ಓದಲೂ ಹಾಕತೊಡಗಿದೆ. ಈ ನಡುವೆ ಬಲಗೈ ಗ್ಲೌಸಿನ ಕಿರುಬೆರಳು ನಿಂಬೆಯ ಮುಳ್ಳಿಗೆ ಸಿಕ್ಕು ಬುಡಸಮೇತ ಹರಿದುಹೋಯಿತು. ಅಷ್ಟಕ್ಕೆ ಎಸೆಯುವುದೇನು? ಉಳಿದ ನಾಲ್ಕು ಬೆರಳು ಗಟ್ಟಿಯಾಗಿದ್ದವಲ್ಲ.

ಅಷ್ಟರಲ್ಲಿ ಬಾದಾಮಿಯಿಂದ ತಂಗಿ ಶಾಂತವ್ವ ಮಗಳ ಮದುವೆಗೆ ಕರೆಯಲು ಬಂದಳು. ನಮ್ಮಲ್ಲಿ ಮದುಮಗಳನ್ನು ಕೈಹಿಡಿದು ಹಂದರಕ್ಕೆ ಕರೆದು ತರುವವನು ಸೋದರಮಾವ. ಸುಷ್ಮಾಗೆ ಇರುವ ಒಬ್ಬನೇ ಸೋದರಮಾವ ನಾನು. ಅವಳು ಹುಟ್ಟಿದ ದಿನದಿಂದ ಈ ಕೆಲಸ ನನ್ನದೆಂದು ನಾನು ಎದೆ ಉಬ್ಬಿಸಿ ಕಾಯುತ್ತಿದ್ದೆ. ಶಾಂತವ್ವ ಕುಂಕುಮದ ಬಟ್ಟಲು ಕೆಳಗಿಟ್ಟು ನನ್ನ ಕೈ ನೋಡಿದಳು.

"ಅಣ್ಣಾ, ಇದೇನಿದು?"

"ಏನಿಲ್ಲವ್ವಾ, ಸಂಶೋಧನಾ ಹಂತದಾಗ ಐತಿ."

ಅವಳು ನಗಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಮೆಲ್ಲಗೆ ಹೇಳಿದಳು: "ಬೀಗರು ಅಂಟುರೋಗ ಅಂದಾರು. ಇದು ಇವರ ಮನಿತನದಾಗ ಐತಿ ಅಂತ ಹುಡುಗಿಗೂ ಹಚ್ಚಿ ಮಾತಾಡ್ತಾರ. ಅಷ್ಟರಾಗ ಆರಾಮ ಆಗಲಿಲ್ಲ ಅಂದ್ರ... ಕಾಕಾನ ಮಗನಿಗೆ ಹೇಳಲೇನು?"

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಆದರೂ ನನಗೆ ಬಹಳ ನೋವಾಯಿತು. ಆ ಕಾಕಾನ ಮಗ ಸುಷ್ಮಾಳ ಹೆಸರನ್ನೇ ಸರಿಯಾಗಿ ನೆನಪಿಟ್ಟವನಲ್ಲ. "ಯಾರಿಗೂ ಹೇಳಬ್ಯಾಡ, ನಾ ಆರಾಮ ಮಾಡ್ಕೊತೇನಿ" ಎಂದು ಮಾತು ಕೊಟ್ಟೆ. ಆರಾಮ ಮಾಡುವವರು ಡಾಕ್ಟರು ಎಂಬುದು ಆಗ ಹೊಳೆಯಲೇ ಇಲ್ಲ!

ಮರುದಿನ ಬೆಳಗ್ಗೆ ಬಲಗೈಯನ್ನು ಪ್ರಾತ್ಯಕ್ಷಿಕೆಯ ಹೊಲವೆಂದು ಘೋಷಿಸಿದೆ. ಹೆಬ್ಬೆರಳಿಗೆ ಬೇವಿನ ಎಣ್ಣೆ. ತೋರುಬೆರಳಿಗೆ ಅರಿಷಿಣ. ನಡುಬೆರಳಿಗೆ ಪಕ್ಕದ ಮನೆಯ ಖಾದರಸಾಬರು ಹೇಳಿದ ಬೆಳ್ಳುಳ್ಳಿ. ಉಂಗುರಬೆರಳಿಗೆ ಅದೇ ಖಾದರಸಾಬರ ಅಳಿಯ ಯಾರಿಗೋ ತಂದು ಉಳಿದಿದ್ದ ಮುಲಾಮಿನ ಟ್ಯೂಬು. ಕಿರುಬೆರಳಿಗೆ ಏನೂ ಇಲ್ಲ. ಅದು ಹೋಲಿಕೆಯ ಪಟ್ಟಿ. ಹಚ್ಚಿದ್ದು ಒರೆಸಿ ಹೋಗಬಾರದೆಂದು ಮೇಲೆ ಗ್ಲೌಸು. ಊಟಕ್ಕೆ ಮಾತ್ರ ತೆಗೆಯುತ್ತಿದ್ದೆ.

ಊಟ ಮಾಡುವ ಕೈಯಲ್ಲಿ ಪ್ರಯೋಗ ಮಾಡಬಾರದೆಂದು ಮೊದಲ ತುತ್ತಿಗೇ ತಿಳಿಯಿತು. ರೊಟ್ಟಿ ಒಂದು ಕಡೆ ಕಹಿ, ಒಂದು ಕಡೆ ಹಳದಿ.

"ಪಲ್ಯಾ ಹೆಂಗಾಗೇತ್ರಿ?" ಎಂದಳು ನೀಲಮ್ಮ.

"ಬೆರಳಿಗೊಂದು ರುಚಿ."

ಮೂರು ದಿನಕ್ಕೆ ಬೆಳ್ಳುಳ್ಳಿ ಹಚ್ಚಿದ ಬೆರಳು ಸುಟ್ಟಂತೆ ಬೊಬ್ಬೆ ಎದ್ದಿತು. ಬೇವಿನ ಬೆರಳು ಊದಿತು. ಅರಿಷಿಣದ ಕೆಳಗೆ ಏನು ನಡೆದಿದೆ ಎಂಬುದೇ ಕಾಣದು. ಟ್ಯೂಬು ಹಚ್ಚಿದ ಬೆರಳು ಮಾತ್ರ ಮಂತ್ರ ಹಾಕಿದಂತೆ ಕೆಂಪು ಇಳಿದು ಬೆಳ್ಳಗಾಯಿತು. ನಾನು ಖಾದರಸಾಬರ ಅಳಿಯನನ್ನು ಕೊಂಡಾಡಿ ಮುಗಿಸುವಷ್ಟರಲ್ಲಿ ಟ್ಯೂಬು ಮುಗಿಯಿತು. ಮರುವಾರ ಆ ಬೆರಳು ಮೊದಲಿಗಿಂತ ಹೆಚ್ಚು ಕೆಂಪಾಗಿ ಮರಳಿ ಬಂತು. ಕೆರೆದು ಹುಣ್ಣು ಮಾಡಿಕೊಳ್ಳುವುದು ಎಂದು ಹಿರಿಯರು ಅಂದದ್ದು ಬಹುಶಃ ನನ್ನಂಥವನನ್ನು ನೋಡಿಯೇ ಇರಬೇಕು.

ಆದರೆ ಕಿರುಬೆರಳು! ಏನೂ ಹಚ್ಚದ ಕಿರುಬೆರಳು ಮಗುವಿನ ಬೆರಳಿನಂತೆ ಸ್ವಚ್ಛವಾಗಿತ್ತು. ಇದು ನನ್ನನ್ನು ಬಹಳ ಕಾಡಿತು. ಇಡೀ ಕೈಯಲ್ಲಿ ಅದೊಂದೇ ಹೇಗೆ ವಾಸಿಯಾಯಿತು? ಗಂಟೆಗಟ್ಟಲೆ ಅದನ್ನೇ ಬಿಸಿಲಿಗೆ ಹಿಡಿದು ನೋಡಿದೆ. ಹಾಗೆ ಹಿಡಿದು ನೋಡುವಾಗ ಕೈಯಲ್ಲಿ ಗ್ಲೌಸು ಇತ್ತು, ಅದರ ತೂತಿನಿಂದಲೇ ಬೆರಳು ಹೊರಗೆ ಬಂದಿತ್ತು. ಬೆರಳು ಕಂಡಿತು, ತೂತು ಕಾಣಲಿಲ್ಲ.

"ಸಾಕು ನಿಮ್ಮ ಪ್ರಯೋಗ. ಹೊಲ ಪೂರಾ ಹಾಳಾತು, ನಡೀರಿ ದವಾಖಾನಿಗೆ" ಎಂದು ನೀಲಮ್ಮ ನನ್ನನ್ನು ಬಾಗಲಕೋಟೆ ಬಸ್ ಹತ್ತಿಸಿದಳು. ಕೈ ಯಾರಿಗೂ ಕಾಣಬಾರದೆಂದು ಗ್ಲೌಸು ತೊಟ್ಟೇ ಹೊರಟೆ. ಕಿತ್ತಳೆ ಗ್ಲೌಸಿನ ಮನುಷ್ಯನನ್ನು ಕಂಡು ಪಕ್ಕದ ಸೀಟಿಗೆ ಯಾರೂ ಬರಲಿಲ್ಲ. ನಿಂತವರು ನಿಂತೇ ಬಂದರು.

ಚರ್ಮದ ಡಾಕ್ಟರಮ್ಮ ಸಣ್ಣ ವಯಸ್ಸಿನವರು. "ಕೈ ತೋರಿಸ್ರಿ ಕಾಕಾ" ಎಂದರು. ಗ್ಲೌಸು ತೆಗೆದು ಮೇಜಿನ ಮೇಲಿಟ್ಟು, ಬದನೆಕಾಯಿಯಿಂದ ಹಿಡಿದು ಬೆಳ್ಳುಳ್ಳಿಯವರೆಗೆ ನನ್ನ ಸಂಶೋಧನೆಯನ್ನೆಲ್ಲ ವರದಿ ಒಪ್ಪಿಸಿದೆ. ಅವರು ನನ್ನ ಮಣಿಕಟ್ಟು ನೋಡಿದರು. ಅಲ್ಲಿಗೆ ಗೆರೆ ಎಳೆದಂತೆ ಕೆಂಪು ನಿಂತಿತ್ತು. ಗ್ಲೌಸು ಎತ್ತಿ ಹರಿದ ತೂತಿನೊಳಗೆ ಬೆರಳು ತೂರಿಸಿ ನೋಡಿದರು. ಮತ್ತೆ ನನ್ನ ಕಿರುಬೆರಳು ನೋಡಿದರು.

"ಇದನ್ನ ಯಾವಾಗಿಂದ ಹಾಕ್ಕೊಳಾಕತ್ತೀರಿ?"

"ಕೈ ಕೆಡಬಾರದು ಅಂತ ಮೊದಲಿಂದನ..." ಎಂದವನು ಅಲ್ಲಿಗೇ ನಿಂತೆ.

ನೀಲಮ್ಮ ಸೀರೆಯ ಸೆರಗು ಬಾಯಿಗೆ ಇಟ್ಟುಕೊಂಡಳು.

ಖಾತ್ರಿ ಮಾಡಿಕೊಳ್ಳಲು ಡಾಕ್ಟರಮ್ಮ ನನ್ನ ಬೆನ್ನ ಮೇಲೆ ಸಾಲು ಸಾಲಾಗಿ ಸಣ್ಣ ಪಟ್ಟಿಗಳನ್ನು ಅಂಟಿಸಿದರು; ಒಂದೊಂದರಲ್ಲಿ ಒಂದೊಂದು ವಸ್ತು, ಎರಡು ದಿನ ಬೆನ್ನಿಗೆ ನೀರು ತಾಗಿಸುವಂತಿಲ್ಲ. ನನ್ನ ಮೈಯಲ್ಲಿ ವಿದ್ಯುತ್ ಹರಿದಂತಾಯಿತು. "ಮ್ಯಾಡಂ, ಏನೂ ಹಾಕದ ಪಟ್ಟಿನೂ ಐತೇನ್ರಿ?" ಎಂದೆ. "ಐತ್ರಿ ಕಾಕಾ" ಎಂದರು. ಜೀವನದಲ್ಲಿ ಮೊದಲ ಸಲ ಇಷ್ಟು ಶಿಸ್ತಿನ ಪ್ರಾತ್ಯಕ್ಷಿಕೆ ನಡೆದಿತ್ತು, ಅದೂ ನನಗೆ ಕಾಣದ ಕಡೆ. ಪಟ್ಟಿ ತೆಗೆದು ನೋಡಿದಾಗ ರಬ್ಬರಿನ ಸಾಮಾನು ಹಾಕಿದ್ದ ಜಾಗಗಳಷ್ಟೇ ಕೆಂಪಾಗಿ ಉಬ್ಬಿದ್ದವು.

"ರಬ್ಬರಿಗೆ ಹಾಕೋ ಕೆಮಿಕಲ್ ನಿಮಗ ಆಗಿಬರೂದಿಲ್ಲ. ಚರ್ಮಕ್ಕ ಒಮ್ಮೆ ಒಂದು ಸಾಮಾನು ಆಗಲಿಲ್ಲಂದ್ರ ಅದು ಮರೆಯೂದಿಲ್ರಿ" ಎಂದರು ಡಾಕ್ಟರಮ್ಮ.

"ನನ್ನಂಗ" ಎಂದಳು ನೀಲಮ್ಮ. "ಮತ್ತ ಬದ್ನಿಕಾಯಿ?"

"ಅದೇನ್ ಮಾಡೇತಿ ಪಾಪ? ಊಟ ಮಾಡ್ರಿ."

ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಟ್ಯೂಬಿನ ಮುಲಾಮು ಕೇಳದೆ ಹಚ್ಚಿ ಕೇಳದೆ ಬಿಡುವಂಥದ್ದಲ್ಲ. ಬೆಳ್ಳುಳ್ಳಿ ಒಗ್ಗರಣೆಗೆ ಮಾತ್ರ. ಇಷ್ಟನ್ನು ತಿಳಿಸಿ, ಎಷ್ಟು ದಿನ ಯಾವ ಮುಲಾಮು ಎಂದು ಬರೆದುಕೊಟ್ಟು, ಗ್ಲೌಸನ್ನು ತಾವೇ ಕಸದ ಬುಟ್ಟಿಗೆ ಹಾಕಿದರು.

ಕೈ ಸುಧಾರಿಸತೊಡಗಿತು. ಆದರೆ ಮದುವೆಯ ದಿನಕ್ಕೆ ಇನ್ನೂ ಸುಲಿದ ಚರ್ಮ, ಅಲ್ಲಲ್ಲಿ ಕಪ್ಪು ಕಲೆ. ಬಾದಾಮಿಯ ಹಂದರದ ಹಿಂದೆ ಶಾಂತವ್ವ ಬ್ಯಾಂಡಿನವರ ಹತ್ತಿರ ಇಸಿದುಕೊಂಡ ಒಂದು ಜೊತೆ ಬಿಳಿ ಗ್ಲೌಸು ಹಿಡಿದು ನಿಂತಿದ್ದಳು. ಅದನ್ನು ಕಂಡದ್ದೇ ನನ್ನ ಕೈ ಕೆರೆಯಿತು. ಅತ್ತ ಕಾಕಾನ ಮಗ ಹೊಸ ರುಮಾಲು ಸುತ್ತಿಕೊಂಡು ಸಿದ್ಧನಾಗಿದ್ದ. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ಅಂವಾನ ಕರಕೊಂಡು ಹೋಗಲಿ ಬಿಡವ್ವಾ" ಎಂದೆ.

ಇಳಕಲ್ ಸೀರೆಯುಟ್ಟ ಸುಷ್ಮಾ ಸುಮ್ಮನೆ ನನ್ನ ಹಿಂದೆ ಬಂದು, ಬಲಗೈ ಹುಡುಕಿ, ಕಿರುಬೆರಳು ಹಿಡಿದಳು.

"ಮಾಮಾ, ಇದು ಛಲೋ ಐತಲ್ಲ. ಸಣ್ಣಾಕಿದ್ದಾಗ ನಿಮ್ಮ ಮನ್ಯಾಗ ಇದ್ದು ಇದನ್ನ ಹಿಡ್ಕೊಂಡ ಸಾಲಿಗೆ ಹೋಗ್ತಿದ್ನಿ. ನಡಿ."

ನಡೆದೆವು. ಅಕ್ಕಿಕಾಳು ಬಿದ್ದವು, ಬ್ಯಾಂಡು ಬಾರಿಸಿತು, ನನಗೆ ಕಣ್ಣೀರಿನಲ್ಲಿ ದಾರಿ ಕಾಣಲಿಲ್ಲ. ಅವಳೇ ನನ್ನನ್ನು ಹಂದರಕ್ಕೆ ಕರೆದೊಯ್ದಳು ಎನ್ನುವುದೇ ಸರಿ.

ಊಟದ ಪಂಕ್ತಿಯಲ್ಲಿ ಬೀಗರ ಕಡೆಯ ಒಬ್ಬ ಅಜ್ಜಿ ನೀಲಮ್ಮನನ್ನು ಕೇಳಿದಳು: "ನಿಮ್ಮಲ್ಲಿ ಬರೇ ಕಿರುಬಳ್ಳ ಹಿಡಿಯೂ ಪದ್ಧತಿ ಐತೇನ್ರಿ?"

ನೀಲಮ್ಮ ನನ್ನ ಎಲೆಗೆ ಎಣ್ಣೆಗಾಯಿ ಬಡಿಸುತ್ತ ಬಹಳ ಗಂಭೀರವಾಗಿ ಹೇಳಿದಳು: "ಹೂನ್ರಿ ಆಯೀ. ಇವರು ಉದ್ಧಾರ ಮಾಡಾಕ ಹೋಗದ ಉಳಿದಿದ್ದು ಅದೊಂದ ಬಳ್ಳ."